ಅಪ್‌ಡೇಟ್: ಕೃಷ್ಣವೇಷಕ್ಕೆ ಹೆಣೆದ ಕರು ಕೊನೆಗೂ ನಿಂತಿತು

ಕೃಷ್ಣಾಷ್ಟಮಿಗೆ ಪುಟ್ಟ ಕೃಷ್ಣನಾಗಲಿರುವ ಮಗಳ ಕೈಗೆ ಕೊಡಲೆಂದು ಕ್ರೋಶೆಯಲ್ಲಿ (ಕೊಕ್ಕೆ ಕಡ್ಡಿಯ ನೂಲು ಹೆಣಿಗೆಯಲ್ಲಿ) ಹೆಣೆಯುತ್ತಿದ್ದ ಕರುವಿನ ಕತ್ತು ವಾಲುತ್ತಿದೆ, ಹೆಣಿಗೆಯ ಸಂದುಗಳಿಂದ ಹತ್ತಿ ಇಣುಕುತ್ತಿದೆ ಎಂದು ಹಿಂದೆ ಕೇಳಿದ್ದೆ. 4 ಮಿಲಿಮೀಟರ್ ಕಡ್ಡಿಯನ್ನು ಬಿಟ್ಟು 2.5 ಮಿಲಿಮೀಟರಿನದನ್ನು ಹಿಡಿದು, ಮ್ಯಾಜಿಕ್ ರಿಂಗ್‌ನಲ್ಲಿ (ಎಳೆದು ಬಿಗಿಸಬಹುದಾದ ನೂಲಿನ ಉಂಗುರದಲ್ಲಿ) 6 ಸಿಂಗಲ್ ಕ್ರೋಶೆಗಳಿಂದ, ಅಂದರೆ ಗಿಡ್ಡನೆಯ ಮೂಲ ಹೆಣಿಗೆಗಳಿಂದ, ಆರಂಭಿಸಿ, ಪ್ರತಿ ಸುತ್ತಿನಲ್ಲೂ 6ರಂತೆ ಹೆಚ್ಚಿಸುತ್ತ ತಲೆಯನ್ನು ಹೊಸದಾಗಿ ಹೆಣೆದಾಗ ಹೆಣಿಗೆ ಬಿಗಿಯಾಗಿ ಹತ್ತಿ ಮರೆಯಾಯಿತು. ಕತ್ತಿನ ವಿಷಯದಲ್ಲಿ ತಪ್ಪು ನನ್ನದೇ; ಎಲ್ಲ ಮುಗಿದ ಮೇಲೆ ಹತ್ತಿ ತುರುಕುತ್ತಿದ್ದೆ. ಈ ಬಾರಿ ಸುತ್ತು ಮುಚ್ಚುವ ಮೊದಲೇ ಪೆನ್ಸಿಲಿನ ಹಿಂತುದಿಯಿಂದ ಒತ್ತಿ ತುಂಬಿ, ತಲೆಯನ್ನು ಎರಡು ಸುತ್ತು ಹೊಲಿದೆ. ಮಗು ಕಂಡದ್ದನ್ನೆಲ್ಲ ಬಾಯಿಗಿಡುವುದರಿಂದ ಮಣಿಗಳ ಬದಲು ಕಪ್ಪು ನೂಲಿನಲ್ಲೇ ಕಣ್ಣುಗಳನ್ನು ಕಸೂತಿ ಮಾಡಿದ್ದೇನೆ. ಕರುವೇನೋ ನೆಟ್ಟಗೆ ನಿಂತಿದೆ. ಕೊಳಲು ಮಾತ್ರ ಆಗಲೇ ಎರಡು ತುಂಡಾಗಿದೆ.