ಅಪ್‌ಡೇಟ್: ಪಂಪ್ ಆಫ್ ಆದಾಗ ಆರ್ಡುಯಿನೋ ಹ್ಯಾಂಗ್ ಆಗೋದು ನಿಂತಿತು

ಟ್ಯಾಂಕ್ ತುಂಬಿದಾಗ ಪಂಪ್ ತಾನೇ ನಿಲ್ಲುವ ಸರ್ಕ್ಯೂಟ್ ಬಗ್ಗೆ ಕೇಳಿದ್ದೆ, ನೆನಪಿದೆ ಅಲ್ವಾ? ಆರ್ಡುಯಿನೋ (ಪ್ರೋಗ್ರಾಂ ಮಾಡಬಹುದಾದ ಪುಟ್ಟ ಬೋರ್ಡ್), ಅದು ಆನ್-ಆಫ್ ಮಾಡುವ ರಿಲೇ ಮಾಡ್ಯೂಲ್ (ಸಣ್ಣ ಸ್ವಿಚ್), ಅದರಿಂದ 230 ವೋಲ್ಟ್ ಕಾಯಿಲ್‌ನ ಕಾಂಟ್ಯಾಕ್ಟರ್ (ಪಂಪ್ ಓಡಿಸುವ ದೊಡ್ಡ ಸ್ವಿಚ್). ಆನ್ ಆಗುವಾಗ ಏನೂ ತೊಂದರೆಯಿಲ್ಲ. ಆಫ್ ಆದ ಕೂಡಲೇ ಡಿಸ್‌ಪ್ಲೇ ಮೇಲೆ ಅರ್ಥವಿಲ್ಲದ ಅಕ್ಷರಗಳು, ಆಮೇಲೆ ಬೋರ್ಡ್ ಗಪ್‌ಚಿಪ್.

ಈಗ ಸರಿಹೋಗಿದೆ. ಕೆಲಸ ಮಾಡಿದ್ದು ಸ್ನಬ್ಬರ್, ಅಂದರೆ ಕಾಯಿಲ್ ಆಫ್ ಆದಾಗ ಏಳುವ ವೋಲ್ಟೇಜ್ ಹೊಡೆತವನ್ನು ತಗ್ಗಿಸುವ ಪುಟ್ಟ ಜೋಡಣೆ. ಅದನ್ನು ಸೂಚಿಸಿದವರಿಗೆ ಒಂದು ಕಾಫಿ ಬಾಕಿ! 100 ಓಮ್ ರೆಸಿಸ್ಟರ್, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೀರೀಸ್‌ನಲ್ಲಿ ಸೇರಿಸಿ ಕಾಂಟ್ಯಾಕ್ಟರ್ ಕಾಯಿಲ್‌ನ ಎರಡು ತುದಿಗೆ ಹಾಕಿದೆ. ಕೆಪಾಸಿಟರ್ ಮೇಲೆ ಎಕ್ಸ್2 (ಮೇನ್ಸ್ ಲೈನಿಗೆ ಹಾಕಬಹುದಾದ ಸುರಕ್ಷಿತ ವರ್ಗ), 275 ವೋಲ್ಟ್ ಎಸಿ ಎಂದು ಬರೆದಿರಬೇಕು. ಸುಮ್ನೆ ಡಬ್ಬದಲ್ಲಿ ಸಿಕ್ಕಿದ್ದನ್ನು ಹಾಕಬೇಡಿ, ಇದು ಮೇನ್ಸ್ ಲೈನ್.

5 ವೋಲ್ಟ್ ಲೈನಿಗೆ ದೊಡ್ಡ ಕೆಪಾಸಿಟರ್ ಹಾಕಿದ್ದರಿಂದ ಏನೂ ಪ್ರಯೋಜನವಾಗಲಿಲ್ಲ. ಬೇರೆ ಅಡಾಪ್ಟರ್ ಹಾಕಿದಾಗ ಹ್ಯಾಂಗ್ ಆಗೋದು ಸ್ವಲ್ಪ ಕಡಿಮೆಯಾಯಿತು, ಅಷ್ಟೇ. ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಹಾಕಿ ಎಂದವರೂ ಇದ್ದರು. ರಿಲೇ ಮಾಡ್ಯೂಲ್‌ನಲ್ಲಿ ಅದು ಮೊದಲೇ ಇದೆ. ಕಾಂಟ್ಯಾಕ್ಟರ್‌ನ ಎಸಿ ಕಾಯಿಲ್‌ಗೆ ಅಡ್ಡವಾಗಿ ಹಾಕಿದರೆ ಅರ್ಧ ಸೈಕಲ್ ನೇರ ಶಾರ್ಟ್ ಆಗಿ ಡಯೋಡೇ ಹಾರಿಹೋಗುತ್ತದೆ.

ಒಂದು ವಿಷಯ ಮಾತ್ರ ನನಗೆ ಹೊಸದು. ಅದೇ ಸ್ನಬ್ಬರನ್ನು ರಿಲೇ ಕಾಂಟ್ಯಾಕ್ಟ್‌ಗೆ ಅಡ್ಡ ಹಾಕಿ ನೋಡಿದಾಗ, ರಿಲೇ ಆಫ್ ಇದ್ದರೂ ಕಾಂಟ್ಯಾಕ್ಟರ್ ಸಣ್ಣಗೆ ಗುಂಯ್ ಎನ್ನುತ್ತಿತ್ತು. ಲೆಕ್ಕ ಹಾಕಿದರೆ 50 ಹರ್ಟ್ಸ್‌ನಲ್ಲಿ ಆ ಕೆಪಾಸಿಟರ್ ಮೂಲಕವೇ ಸುಮಾರು 7 ಮಿಲಿಆಂಪ್ ಹರಿಯಬಹುದು! ಹಾಗಾಗಿ ಕಾಯಿಲ್ ಹತ್ತಿರವೇ ಹಾಕಿ, ಆದಷ್ಟು ಗಿಡ್ಡ ವೈರ್‌ನಲ್ಲಿ.