ಸ್ಲೈಡ್‌ಔಟ್ ಕೋಣೆ ಒಂದು ಕಡೆ ಮಾತ್ರ ಒಳಗೆ ಬರುತ್ತಿದೆ, ಮೋಟರ್ ಬದಲಿಸಬೇಕಾ?

ಪ್ರಶ್ನೆ: ನಮ್ಮ ಆರ್‌ವಿಯ (ಮನೆಯಂತೆ ವಾಸಿಸಬಹುದಾದ ಪ್ರವಾಸದ ಗಾಡಿ) ಸ್ಲೈಡ್‌ಔಟ್ ಕೋಣೆ, ಅಂದರೆ ಗಾಡಿ ನಿಂತಾಗ ಪಕ್ಕಕ್ಕೆ ಹೊರಗೆ ಚಾಚುವ ಭಾಗ, ಹೊರಗೆ ಹೋಗುವಾಗ ಸರಿಯಾಗೇ ಹೋಗುತ್ತದೆ. ಒಳಗೆ ಎಳೆದುಕೊಳ್ಳುವಾಗ ಮುಂದಿನ ಮೂಲೆ ಬರುತ್ತದೆ, ಹಿಂದಿನದು ಅರ್ಧದಲ್ಲೇ ನಿಲ್ಲುತ್ತದೆ. ಎರಡೂ ಪಕ್ಕ ಒಂದೊಂದು ಸಣ್ಣ ಮೋಟರ್ ಇರುವ ಶ್ವಿಂಟೆಕ್ ವ್ಯವಸ್ಥೆ ಇದು. ಮೆಕ್ಯಾನಿಕ್ ಫೋನಿನಲ್ಲೇ ಮೋಟರ್ ಹೋಗಿದೆ ಅಂದರು. ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ: ಮೊದಲು ಸ್ವಿಚ್ಚಿನಿಂದ ಕೈ ತೆಗೆಯಿರಿ ಸರ್. ಒಂದು ಮೂಲೆ ನಿಂತ ಮೇಲೂ ಒತ್ತುತ್ತಾ ಹೋದರೆ ಇನ್ನೊಂದು ಮೂಲೆ ಮುಂದೆ ಹೋಗಿ ಕೋಣೆ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಕೋಣೆ ಸರಿಯುವ ಹಲ್ಲಿನ ಹಳಿಯೂ ಹಾಳು. ಮೋಟರ್ ತರಿಸುವ ಮಾತು ಈಗಲೇ ಬೇಡ.

ಇದರ ಕೆಲಸ ಹೇಗೆ ಅಂತ ಗೊತ್ತಿದ್ದರೆ ಹುಡುಕೋದು ಸುಲಭ. ಪ್ರತಿ ಮೋಟರಿನಲ್ಲೂ ಒಂದು ಸೆನ್ಸರ್ ಇದೆ. ಮೋಟರ್ ಎಷ್ಟು ತಿರುಗಿತು ಅಂತ ಅದು ಕಂಟ್ರೋಲರಿಗೆ (ಎರಡೂ ಮೋಟರನ್ನು ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ತಿಳಿಸುತ್ತಲೇ ಇರುತ್ತದೆ. ಕಂಟ್ರೋಲರ್ ಎರಡೂ ಲೆಕ್ಕವನ್ನು ಹೋಲಿಸಿ ಎರಡು ಕಡೆಯನ್ನೂ ಜೊತೆಯಾಗಿ ನಡೆಸುತ್ತದೆ. ಕರೆಂಟ್ ಸಾಲದೆ ಹೋದರೆ ಭಾರ ಜಾಸ್ತಿ ಇರುವ ಕಡೆ ಹಿಂದೆ ಬೀಳುತ್ತದೆ, ಲೆಕ್ಕ ತಪ್ಪುತ್ತದೆ. ನೋಡುವವರಿಗೆ ಮಾತ್ರ ಮೋಟರ್ ಸತ್ತ ಹಾಗೇ ಕಾಣುತ್ತದೆ.

ಆದ್ದರಿಂದ ಮಲ್ಟಿಮೀಟರ್ ಹಿಡಿದು ಬ್ಯಾಟರಿಯಿಂದ ಶುರು ಮಾಡಿ. ಸುಮ್ನೆ ನಿಂತಿರುವಾಗ ಚೆನ್ನಾಗಿ ಚಾರ್ಜ್ ಆದ ಲೆಡ್ ಆಸಿಡ್ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ. ಅದನ್ನು ನೋಡಿ ಸಮಾಧಾನ ಪಡಬೇಡಿ. ಒಬ್ಬರು ಸ್ವಿಚ್ ಒತ್ತಲಿ, ಒಂದೆರಡು ಕ್ಷಣ ಸಾಕು. ಆ ಹೊತ್ತಿಗೆ ನೀವು ಬ್ಯಾಟರಿಯಲ್ಲಿ ಅಳೆಯಿರಿ, ಮತ್ತೊಮ್ಮೆ ಕಂಟ್ರೋಲರಿಗೆ ಕರೆಂಟ್ ಬರುವ ಜಾಗದಲ್ಲೂ ಅಳೆಯಿರಿ. ಎರಡೂ ಕಡೆ ಕುಸಿದರೆ ಬ್ಯಾಟರಿ ದುರ್ಬಲ. ಬ್ಯಾಟರಿಯಲ್ಲಿ ಸರಿಯಿದ್ದು ಕಂಟ್ರೋಲರ್ ಹತ್ತಿರ ಮಾತ್ರ ಕಡಿಮೆ ಬಂದರೆ ನಡುವಿನ ದಾರಿಯಲ್ಲಿ ತೊಂದರೆ ಇದೆ. ಸಡಿಲ ಬೋಲ್ಟ್, ಕಿಲುಬು ಹಿಡಿದ ಟರ್ಮಿನಲ್, ತುಕ್ಕು ತಿಂದ ಅರ್ಥ್ ವೈರ್. ನನ್ನ ಪ್ರಕಾರ ಅರ್ಥ್ ವೈರನ್ನೇ ಮೊದಲು ಅನುಮಾನಿಸಬೇಕು. ಅದು ಗಾಡಿಯ ಅಡಿಯಲ್ಲಿ ನೀರು, ಕೆಸರು ಎಲ್ಲ ತಿನ್ನುತ್ತಾ ಇರುತ್ತದೆ, ಯಾರೂ ಅತ್ತ ತಿರುಗಿಯೂ ನೋಡಲ್ಲ.

ಕಂಟ್ರೋಲರಿನ ಕೆಂಪು ದೀಪವನ್ನೂ ನೋಡಿ. ಎಷ್ಟು ಸಲ ಮಿನುಗಿ ನಿಲ್ಲುತ್ತದೋ ಅದೇ ದೋಷದ ಸಂಖ್ಯೆ. ಅದರ ಅರ್ಥ ಕೈಪಿಡಿಯಲ್ಲಿ ಸಿಗುತ್ತದೆ.

ಇನ್ನೊಬ್ಬರು: ಮೇಲಿನವರು ಹೇಳಿದ್ದು ಸರಿ. ನಮ್ಮದು ಬೇರೆ ಬಗೆ. ಕೋಣೆಯ ಅಡಿಯಲ್ಲಿ ಒಂದೇ ಮೋಟರ್, ಅದರಿಂದ ಎರಡೂ ಕಡೆಗೆ ಹೋಗುವ ಒಂದು ಶಾಫ್ಟ್, ಹಲ್ಲಿನ ಪಟ್ಟಿ. ಇಂಥದ್ದು ಇರುವವರು ಈ ಪುಟ ಓದುತ್ತಿದ್ದರೆ ಕೇಳಿಸಿಕೊಳ್ಳಿ: ಮೋಟರ್ ಗಿರ್ರನೆ ತಿರುಗುವ ಸದ್ದು ಬಂದೂ ಕೋಣೆ ಅಲ್ಲಾಡದಿದ್ದರೆ ಶಾಫ್ಟಿನ ಜೋಡಣೆಯ ಬೋಲ್ಟ್ ತುಂಡಾಗಿದೆಯಾ ನೋಡಿ. ಗೇರ್ ಉಳಿಯಲಿ ಅಂತ ಬೇಕೆಂದೇ ಬೇಗ ತುಂಡಾಗುವ ಬೋಲ್ಟನ್ನು ಅಲ್ಲಿ ಹಾಕಿರುತ್ತಾರೆ. ಅದರ ಜಾಗಕ್ಕೆ ಗಟ್ಟಿ ಬೋಲ್ಟ್ ಹಾಕಬೇಡಿ. ಮುಂದಿನ ಸಲ ಗೇರೇ ಮುರಿಯುತ್ತದೆ. ಹ್ಯಾಂಡಲ್ ಹಾಕಿ ಕೈಯಿಂದ ತಿರುಗಿಸಲು ಮೋಟರಿನ ಬ್ರೇಕ್ ಬಿಡಿಸಿದ್ದರೆ, ಹೊರಡುವ ಮುಂಚೆ ಮತ್ತೆ ಹಾಕಿ. ಇಲ್ಲವಾದರೆ ದಾರಿಯಲ್ಲಿ ಕೋಣೆ ತಾನೇ ಹೊರಗೆ ಜಾರಬಹುದು.

ಮತ್ತೊಬ್ಬರು: ನಾನು ಹೈಡ್ರಾಲಿಕ್ ಸ್ಲೈಡ್ (ಪಂಪಿನ ಎಣ್ಣೆಯ ಒತ್ತಡದಿಂದ ಸರಿಯುವ ಕೋಣೆ) ಇಟ್ಟುಕೊಂಡವಳು. ನಮ್ಮಲ್ಲಿ ಪಂಪ್ ಓಡಿಯೂ ಕೋಣೆ ನಿಂತರೆ ಮೊದಲು ಎಣ್ಣೆಯ ಮಟ್ಟ ನೋಡಬೇಕು. ಎಲ್ಲ ಸ್ಲೈಡ್, ಗಾಡಿಯನ್ನು ಎತ್ತಿ ನಿಲ್ಲಿಸುವ ಜಾಕ್ ಒಳಗಿರುವಾಗಲೇ ನೋಡಬೇಕು, ಹೊರಗಿರುವಾಗ ಕಮ್ಮಿ ಕಾಣುತ್ತದೆ. ನೀವು ಕೇಳಿದ್ದಕ್ಕೆ ಒಂದು ಮಾತು: ಹಿಂದಿನ ಮೂಲೆಯ ನೆಲವನ್ನು ಗಟ್ಟಿಯಾಗಿ ಒತ್ತಿ ನೋಡಿ. ರಬ್ಬರ್ ಸೀಲ್ ಹರಿದು ನೀರು ಇಳಿದಿದ್ದರೆ ಹಲಗೆ ಮೆತ್ತಗಾಗಿ ಕೋಣೆ ಆ ಕಡೆ ಕುಸಿದಿರುತ್ತದೆ. ಆಗ ಹೊಸ ಮೋಟರ್ ಹಾಕಿದರೂ ಅದೇ ಕಥೆ. ಕೋಣೆಯ ಮಾಡಿನ ಮೇಲೆ ಕಡ್ಡಿ ಕಸ ಇದೆಯಾ, ಒಳಗೆ ಏನಾದರೂ ಅಡ್ಡ ಬಿದ್ದಿದೆಯಾ, ಅದನ್ನೂ ನೋಡಿ.

ಕೇಳಿದವರು: ಎಲ್ಲರಿಗೂ ತುಂಬಾ ಧನ್ಯವಾದ. ಸ್ವಿಚ್ ಒತ್ತಿದಾಗ ಬ್ಯಾಟರಿಯಲ್ಲಿ 12.3, ಕಂಟ್ರೋಲರಿನಲ್ಲಿ 10.4 ಬಂತು. ಅರ್ಥ್ ಬೋಲ್ಟ್ ಬಿಚ್ಚಿದೆ, ಕೆಳಗೆಲ್ಲ ತುಕ್ಕು. ಸ್ಯಾಂಡ್ ಪೇಪರಿನಿಂದ ಉಜ್ಜಿ, ಹೊಸ ಟರ್ಮಿನಲ್ ಹಾಕಿ ಬಿಗಿ ಮಾಡಿದೆ. ಈಗ ಕೋಣೆ ಪೂರ್ತಿ ಒಳಗೆ ಬರುತ್ತದೆ. ಆದರೆ ಹಿಂದಿನ ಮೂಲೆಯಲ್ಲಿ ಬೆರಳು ತೂರುವಷ್ಟು ಸಂದು ಉಳಿಯುತ್ತದೆ. ನೆಲ ಗಟ್ಟಿಯಾಗೇ ಇದೆ.

ಮೊದಲು ಉತ್ತರಿಸಿದವರು: ಒಳ್ಳೇದಾಯ್ತು! ಉಳಿದದ್ದು ಲೆಕ್ಕ ಹೊಂದಿಸುವ ಕೆಲಸ. ಪೂರ್ತಿ ಹೊರಗೆ ಬಿಡಿ. ಎರಡೂ ಮೋಟರ್ ನಿಂತ ಮೇಲೂ ಸ್ವಿಚ್ಚನ್ನು ನಾಲ್ಕೈದು ಸೆಕೆಂಡ್ ಒತ್ತಿಯೇ ಹಿಡಿಯಿರಿ. ಆಮೇಲೆ ಪೂರ್ತಿ ಒಳಗೆ ತಂದು ಅಲ್ಲೂ ಹಾಗೇ ಮಾಡಿ. ಈ ಕೊನೆಯ ಒತ್ತಿನಲ್ಲೇ ಎರಡೂ ಮೋಟರ್ ಸಮ ಆಗೋದು. ಮಧ್ಯದಲ್ಲಿ ಬಿಟ್ಟು ಬಿಟ್ಟು ಒತ್ತಿದರೆ ವ್ಯತ್ಯಾಸ ಸೇರುತ್ತಾ ಹೋಗುತ್ತದೆ.

ಮುಂದೆ ಎಂದಾದರೂ ಹೊರಡುವ ದಿನವೇ ಕೈಕೊಟ್ಟರೆ, ಕಂಟ್ರೋಲರಿನಿಂದ ಎರಡೂ ಮೋಟರಿನ ವೈರ್ ಕಿತ್ತು ನಾಲ್ಕು ಜನ ಸೇರಿ ಹೊರಗಿನಿಂದ ಸಮನಾಗಿ ತಳ್ಳಬಹುದು. ವೈರ್ ಸಿಕ್ಕಿಸಿರುವಾಗ ಮೋಟರ್ ಬ್ರೇಕಿನಂತೆ ತಡೆಯುತ್ತದೆ, ತಳ್ಳಲು ಆಗಲ್ಲ. ಒಳಗೆ ಬಂದ ಕೂಡಲೇ ವೈರ್ ವಾಪಸ್ ಸಿಕ್ಕಿಸಿ. ಮಕ್ಕಳನ್ನು ದೂರ ನಿಲ್ಲಿಸಿ, ಅಂಚಿನ ಸಂದಿಗೆ ಯಾರೂ ಕೈ ಹಾಕಬಾರದು.

ಹಳಿಗೆ ಗ್ರೀಸ್ ಬಳಿಯಬೇಡಿ, ಧೂಳು ಅಂಟುತ್ತದೆ. ಒರೆಸಿ, ಒಣಗುವ ಬಗೆಯ ಸ್ಪ್ರೇ ಹಾಕಿ. ಎರಡೂ ಕಡೆ ಹೊಂದಿಸಿದ ಮೇಲೂ ಸಂದು ಹಾಗೇ ಇದ್ದರೆ ಕೆಂಪು ದೀಪ ಎಷ್ಟು ಸಲ ಮಿನುಗಿತು ಅಂತ ಬರೆಯಿರಿ, ಮುಂದಿನದು ನೋಡೋಣ.