ಒಂದೇ ದಿನದಲ್ಲಿ ವಸ್ತುಸಂಗ್ರಹಾಲಯ ಮತ್ತು ನಾಟಕ: ಕುಟುಂಬದೊಂದಿಗೆ ಹೊಂದಿಸುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಾನು, ನನ್ನ ಪತಿ, 11 ಮತ್ತು 6 ವರ್ಷದ ಇಬ್ಬರು ಮಕ್ಕಳು ಹಾಗೂ ಮೊಣಕಾಲು ನೋವಿರುವ ನಮ್ಮ ಅತ್ತೆಯವರು ಒಂದು ಮಹಾನಗರದಲ್ಲಿ ಒಂದು ದಿನ ಕಳೆಯಲಿದ್ದೇವೆ. ಅಲ್ಲಿನ ದೊಡ್ಡ ವಸ್ತುಸಂಗ್ರಹಾಲಯವನ್ನು ನೋಡಬೇಕು, ನಾಟಕವನ್ನೂ ನೋಡಬೇಕು ಎಂಬುದು ಎಲ್ಲರ ಆಸೆ. ನಾಟಕಕ್ಕೆ ಮಧ್ಯಾಹ್ನ 2:30ರ ಮತ್ತು ಸಂಜೆ 7:30ರ ಎರಡು ಪ್ರದರ್ಶನಗಳಿವೆ. ಅಷ್ಟು ದೂರ ಹೋದ ಮೇಲೆ ಸಂಗ್ರಹಾಲಯವನ್ನು ಬಾಗಿಲು ತೆರೆದಾಗಿನಿಂದ ಮುಚ್ಚುವವರೆಗೂ ನೋಡಿ, ಬಳಿಕ ಸಂಜೆಯ ನಾಟಕಕ್ಕೆ ಹೋಗೋಣ ಎನ್ನುತ್ತಾರೆ ನನ್ನ ಪತಿ. ಚಿಕ್ಕವಳು ಮೊದಲ ದೃಶ್ಯಕ್ಕೇ ನಿದ್ದೆ ಹೋಗುತ್ತಾಳೆಂಬ ಭಯ ನನ್ನದು. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1

ಮಧ್ಯಾಹ್ನದ ಪ್ರದರ್ಶನವನ್ನೇ ಆರಿಸಿಕೊಳ್ಳಿ. ನಿಮ್ಮ ಯಜಮಾನರ ಯೋಜನೆಯಂತೆಯೇ ನಾವೂ ಒಮ್ಮೆ ನಡೆದುಕೊಂಡೆವು. ವಿರಾಮಕ್ಕೆ ಮೊದಲೇ ಮಗ ನನ್ನ ತೊಡೆಯ ಮೇಲೆ ಮಲಗಿದ್ದ, ನಾನೂ ಅವನಿಗಿಂತ ಹೆಚ್ಚು ಎಚ್ಚರವಾಗಿರಲಿಲ್ಲ.

ದೊಡ್ಡ ಸಂಗ್ರಹಾಲಯವನ್ನು 'ಪೂರ್ತಿ ನೋಡುವುದು' ಎಂಬುದೇ ಆಗದ ಮಾತು. ಪ್ಯಾರಿಸ್ಸಿನ ಲೂವ್ರ್‌ನಲ್ಲಿ ಪ್ರದರ್ಶನಕ್ಕಿಟ್ಟಿರುವ ಕೃತಿಗಳೇ ಸುಮಾರು 35,000. ಒಂದೊಂದರ ಮುಂದೆ ಅರ್ಧ ನಿಮಿಷ ನಿಂತರೂ, ಊಟ ನಿದ್ದೆ ಬಿಟ್ಟು ನೋಡಿದರೆ ಹನ್ನೆರಡು ದಿನ ಬೇಕಾಗುತ್ತದೆ. ಇಲ್ಲಿ ದಣಿಯುವುದು ಕಾಲು ಮಾತ್ರವಲ್ಲ. ಬಾಸ್ಟನ್ನಿನ ಕಲಾಸಂಗ್ರಹಾಲಯದಲ್ಲಿದ್ದ ಬೆಂಜಮಿನ್ ಐವ್ಸ್ ಗಿಲ್ಮನ್ 1916ರಲ್ಲಿಯೇ 'ಮ್ಯೂಸಿಯಂ ದಣಿವು' ಎಂಬ ಹೆಸರಿನಲ್ಲಿ ಒಂದು ಲೇಖನ ಬರೆದು, ಗಾಜಿನ ಪೆಟ್ಟಿಗೆಗಳಲ್ಲಿರುವ ವಸ್ತುಗಳನ್ನು ನೋಡಲು ನೋಡುಗನು ಎಷ್ಟು ಬಗ್ಗಬೇಕು, ಕುಕ್ಕರುಗಾಲಿನಲ್ಲಿ ಕೂರಬೇಕು ಎಂಬುದನ್ನು ಛಾಯಾಚಿತ್ರಗಳ ಮೂಲಕವೇ ತೋರಿಸಿದ್ದರು. ಆದ್ದರಿಂದ ಮನೆಯಲ್ಲಿಯೇ ನಕ್ಷೆ ನೋಡಿ ಎರಡೇ ವಿಭಾಗಗಳನ್ನು ಆರಿಸಿ, ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಒಳಹೊಕ್ಕು, ಒಂದೂವರೆ ಗಂಟೆ ನೋಡಿ ಹೊರಬನ್ನಿ. ಹಲವು ದೊಡ್ಡ ಸಂಗ್ರಹಾಲಯಗಳು ಗಾಲಿಕುರ್ಚಿಯನ್ನು ಎರವಲು ಕೊಡುತ್ತವೆ. ಅತ್ತೆಯವರಿಗಾಗಿ ಮೊದಲೇ ವಿಚಾರಿಸಿಡಿ.

ರಜೆಯ ದಿನವನ್ನೂ ಪರೀಕ್ಷಿಸಿಕೊಳ್ಳಿ. ಲೂವ್ರ್‌ಗೆ ಮಂಗಳವಾರ ರಜೆ, ಅದೇ ಊರಿನಲ್ಲಿ ನದಿಯ ಆಚೆ ದಡದಲ್ಲಿರುವ ಓರ್ಸೇ ಸಂಗ್ರಹಾಲಯಕ್ಕೆ ಸೋಮವಾರ ರಜೆ.

ಉತ್ತರ 2

ಮೇಲಿನವರ ಮಾತನ್ನು ಬಹುಪಾಲು ಒಪ್ಪುತ್ತೇನೆ, ಆದರೆ ಒಂದು ತಕರಾರಿದೆ. 2:30ರ ನಾಟಕವಿದ್ದರೆ ಬೆಳಗಿನ ಹೊತ್ತೆಲ್ಲ ಗಡಿಯಾರ ನೋಡುವುದರಲ್ಲಿಯೇ ಕಳೆದುಹೋಗುತ್ತದೆ. ಮಧ್ಯಾಹ್ನ ಕೋಣೆಗೆ ಮರಳಿ ಎರಡು ಗಂಟೆ ಮಲಗುವ ಶಿಸ್ತು ನಿಮ್ಮ ಮನೆಯವರಿಗಿದ್ದರೆ ಸಂಜೆಯ ಪ್ರದರ್ಶನವೂ ಕೆಟ್ಟ ಆಯ್ಕೆಯಲ್ಲ. ಆ ಶಿಸ್ತು ನಮ್ಮ ಮನೆಯಲ್ಲಿಲ್ಲ ಎಂಬುದು ಬೇರೆ ಮಾತು.

ಹೊತ್ತು ಯಾವುದೇ ಇರಲಿ, ಆಸನಗಳನ್ನು ನೋಡಿ ಕಾಯ್ದಿರಿಸಿ. ಬಾಲ್ಕನಿಯ ಮೊದಲ ಸಾಲು ದೊಡ್ಡವರಿಗೆ ಚೆನ್ನಾಗಿರುತ್ತದೆ, ಆದರೆ ಆರು ವರ್ಷದ ಮಗುವಿನ ಕಣ್ಣಿಗೆ ಸರಿಯಾಗಿ ಕಟಕಟೆಯ ಸರಳು ಅಡ್ಡ ಬರಬಹುದು. ಹಳೆಯ ರಂಗಮಂದಿರಗಳಲ್ಲಿ ಮೇಲಂತಸ್ತಿನ ಮೆಟ್ಟಿಲುಗಳು ಕಡಿದಾಗಿರುತ್ತವೆ ಮತ್ತು ಕೆಲವು ಕಡೆ ಲಿಫ್ಟ್ ಇರುವುದಿಲ್ಲ. ಅತ್ತೆಯವರಿಗೆ ಕೆಳಗಿನ ಮಟ್ಟದಲ್ಲಿ, ನಡುದಾರಿಯ ಪಕ್ಕದ ಆಸನವೇ ಆಗಬೇಕು. ತಡವಾಗಿ ಬಂದವರನ್ನು ತಕ್ಕ ಬಿಡುವು ಸಿಗುವವರೆಗೆ ಹೊರಗೇ ನಿಲ್ಲಿಸುವ ಪದ್ಧತಿ ಬಹಳ ಕಡೆ ಇರುವುದರಿಂದ ಅರ್ಧ ಗಂಟೆ ಮುಂಚೆ ತಲುಪಿ.

ಉತ್ತರ 3

ಹೊತ್ತಿನ ಲೆಕ್ಕಾಚಾರ ಮುಗಿಯಿತು. ಏನು ನೋಡಬೇಕೆಂಬುದರ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ನಾಟಕ ಯಾವ ಕಾಲದ ಕಥೆಯೋ ಆ ಕಾಲದ ಉಡುಪು, ದೀಪ, ಪಾತ್ರೆ, ಆಯುಧಗಳಿರುವ ವಿಭಾಗವನ್ನೇ ಬೆಳಿಗ್ಗೆ ನೋಡಿ. ಗಾಜಿನ ಹಿಂದೆ ಅಲುಗಾಡದೆ ನೇತಾಡುತ್ತಿದ್ದ ನಿಲುವಂಗಿಯಂಥದ್ದನ್ನೇ ತೊಟ್ಟು ನಟಿ ರಂಗದ ಮೇಲೆ ನಡೆದುಬಂದಾಗ, ನನ್ನ ಒಂಬತ್ತು ವರ್ಷದ ಮಗಳು ಆಸನದಿಂದ ಎದ್ದೇ ನಿಂತಿದ್ದಳು. ಹಿಂದಿನ ಸಾಲಿನವರು ಗದರಿದರು, ನನಗೆ ಮಾತ್ರ ಅಂದಿನ ದಿನ ಸಾರ್ಥಕವೆನಿಸಿತು.

ಉಡುಪುಗಳ ವಿಭಾಗ ಕತ್ತಲೆಯಾಗಿರುವುದೇಕೆ ಎಂದು ಮಕ್ಕಳು ಖಂಡಿತ ಕೇಳುತ್ತಾರೆ. ಬೆಳಕು ಬಣ್ಣವನ್ನು ಮಾಸಿಸುತ್ತದೆ, ಹಾಗೆ ಮಾಸಿದ್ದು ಮರಳಿ ಬರುವುದಿಲ್ಲ. ಆದ್ದರಿಂದ ಹಳೆಯ ಬಟ್ಟೆ ಮತ್ತು ಕಾಗದದ ಮೇಲೆ ಸಾಮಾನ್ಯವಾಗಿ 50 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಅಳತೆಯ ಮಾನ) ಸುಮಾರಿನ ಬೆಳಕನ್ನಷ್ಟೇ ಬಿಡುತ್ತಾರೆ. ಕಚೇರಿಯ ಮೇಜಿಗೆ ಬೇಕೆನ್ನುವ ಬೆಳಕಿನ ಹತ್ತನೆಯ ಒಂದು ಪಾಲು ಅದು. ಕಣ್ಣು ಹೊಂದಿಕೊಳ್ಳಲು ಎರಡು ನಿಮಿಷ ಸುಮ್ಮನೆ ನಿಲ್ಲಲು ಹೇಳಿ. ನಾಟಕದಲ್ಲಿ ದೀಪ ಆರಿದಾಗ ಚಿಕ್ಕವಳಿಗೆ ಹೆದರಿಕೆಯಾಗದಿರಲು ಅದೇ ಅಭ್ಯಾಸವಾದೀತು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. 2:30ರ ಪ್ರದರ್ಶನಕ್ಕೆ ಕೆಳಗಿನ ಮಟ್ಟದಲ್ಲಿ ಐದು ಆಸನಗಳನ್ನು ಕಾಯ್ದಿರಿಸಿದೆವು, ನಡುದಾರಿಯ ಪಕ್ಕದ್ದು ಅತ್ತೆಯವರಿಗೆ. ಬೆಳಿಗ್ಗೆ ಉಡುಪುಗಳ ವಿಭಾಗ, ಬಳಿಕ ಚಿಕ್ಕವಳು ಹಟ ಹಿಡಿದಿರುವ ಡೈನೋಸಾರ್ ಅಸ್ಥಿಪಂಜರ. ನಾಟಕಕ್ಕೂ ಅದಕ್ಕೂ ಸಂಬಂಧವಿಲ್ಲ, ಇರಲಿ. ಆ ಸಂಗ್ರಹಾಲಯ ವಾರದಲ್ಲಿ ಒಂದು ದಿನ ರಾತ್ರಿಯವರೆಗೂ ತೆರೆದಿರುತ್ತದೆಂದು ತಿಳಿದುಬಂದುದರಿಂದ ಅದೇ ದಿನಕ್ಕೆ ಪ್ರಯಾಣವನ್ನು ಹೊಂದಿಸಿದ್ದೇವೆ. ನಾಟಕ ಮುಗಿದ ಮೇಲೆ ನಾವು ನಾಲ್ವರೂ ಕೋಣೆಗೆ ಮರಳುತ್ತೇವೆ, ನನ್ನ ಪತಿ ಬಾಗಿಲು ಮುಚ್ಚುವವರೆಗೂ ಒಬ್ಬರೇ ನೋಡಿಕೊಂಡು ಬರಲಿದ್ದಾರೆ.